ಅಪ್ಪನ ಪಿಕಪ್ ಮತ್ತು ಸೈಲೆನ್ಸರ್ ಕಥೆ (8 ಪೋಸ್ಟ್‌ಗಳ ಸರಣಿ)

ಪೋಸ್ಟ್ 1/8: ಹೆಬ್ಬೆರಳು ತೂರೋ ತೂತು

ಫೋಟೋದಲ್ಲಿ ಇರೋದು ನಮ್ಮ ಪಿಕಪ್ಪಿನ ಸೈಲೆನ್ಸರ್. ಹೌದು, ಆ ತೂತಿನೊಳಗೆ ನನ್ನ ಹೆಬ್ಬೆರಳು ಆರಾಮಾಗಿ ಹೋಗುತ್ತೆ. ಟ್ರೈ ಮಾಡಿದೀನಿ.

ನನ್ನ ಹಳೇ ಫಾಲೋವರ್ಸ್‌ಗೆ ಗೊತ್ತು, ಪ್ರತಿ ತಿಂಗಳು ಒಂದು ವಸ್ತು ತಗೊಂಡು ಅದರ ಇತಿಹಾಸ ಬರೀತೀನಿ. ಹೋದ ಸಲ ತೂಕದ ಕಲ್ಲು ಆಯ್ತು. ಈ ಸಲ ಸೈಲೆನ್ಸರ್. "ಬಿಕಾಂ ಓದೋನಿಗೆ ಇದೆಲ್ಲ ಯಾಕೋ" ಅಂತ ಕೇಳೋರಿಗೆ ಉತ್ತರ 7ನೇ ಪೋಸ್ಟಲ್ಲಿ ಇದೆ. ಅಲ್ಲಿವರೆಗೂ ತಾಳ್ಮೆ ಇರಲಿ.

ನಮ್ಮೂರು ಕೋಲಾರದ ಹತ್ತಿರ. ಅಪ್ಪ ಸುತ್ತಮುತ್ತಲ ತೋಟಗಳಿಂದ ಟೊಮ್ಯಾಟೊ ಬಾಕ್ಸ್ ತುಂಬಿಕೊಂಡು ಮಂಡಿಗೆ ಹಾಕ್ತಾರೆ. ಬೆಳಗಿನ ಜಾವ 4 ಗಂಟೆಗೆ ಗಾಡಿ ಸ್ಟಾರ್ಟ್ ಆದರೆ ಇಡೀ ಬೀದಿಗೆ ಅಲಾರಂ ಬೇಡ. ಎದುರು ಮನೆ ಅಜ್ಜಿಗೆ ಹೋದ ವರ್ಷ ಹಾರ್ಟ್ ಆಪರೇಷನ್ ಆಗಿದೆ. ಒಂದು ದಿನ ಅವರು ಅಮ್ಮನ ಹತ್ರ ಮೆತ್ತಗೆ ಹೇಳಿದ್ರು, "ನಿಮ್ಮ ಯಜಮಾನ್ರು ಹೊರಟ ಮೇಲೆ ನನಗೆ ಮತ್ತೆ ನಿದ್ದೆ ಹತ್ತಲ್ಲಮ್ಮ." ಜಗಳ ಆಡಿದ್ದರೆ ನಾವೂ ಎರಡು ಮಾತಾಡಿ ಸುಮ್ಮನಾಗ್ತಿದ್ವಿ. ಮೆತ್ತಗೆ ಹೇಳಿದ್ದಕ್ಕೇ ಅಮ್ಮನಿಗೆ ಊಟ ಸೇರಲಿಲ್ಲ.

ಇನ್ನೊಂದು ವಿಷಯ. ಅಪ್ಪನಿಗೆ ಈಗ ಫೋನ್ ರಿಂಗ್ ಆಗೋದು ಕೇಳಲ್ಲ. ಪಕ್ಕದಲ್ಲೇ ಹೊಡ್ಕೊತಿದ್ರೂ ಕೇಳಲ್ಲ. ನಾವು ಮನೇಲಿ ಇದನ್ನ ತಮಾಷೆ ಮಾಡ್ಕೊಂಡು ಬಂದಿದ್ವಿ. ಡಾಕ್ಟರ್ ಹತ್ರ ಹೋಗಿ ಬಂದ ಮೇಲೆ ತಮಾಷೆ ನಿಂತುಹೋಯ್ತು.

ಪೋಸ್ಟ್ 2/8: ಶಬ್ದ ಬರೋದು ಎಲ್ಲಿಂದ?

ಮೊದಲು ಕಾರಣ, ಆಮೇಲೆ ಕಥೆ.

ಎಂಜಿನ್ ಒಳಗೆ ಡೀಸೆಲ್ ಉರಿದಾಗ ಬಿಸಿ ಗಾಳಿ ಪಿಸ್ಟನ್ನನ್ನ ಕೆಳಗೆ ತಳ್ಳುತ್ತೆ. ಕೆಲಸ ಮುಗಿದ ಮೇಲೂ ಆ ಗಾಳಿಯಲ್ಲಿ ಒತ್ತಡ ಉಳಿದಿರುತ್ತೆ. ಎಕ್ಸಾಸ್ಟ್ ವಾಲ್ವ್ ತೆಗೆದ ತಕ್ಷಣ ಅದು ಹೊರಗೆ ನುಗ್ಗುತ್ತೆ. ಬಲೂನಿಗೆ ಸೂಜಿ ಚುಚ್ಚಿದರೆ ಏನಾಗುತ್ತೋ ಅದೇ. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಹಿಂಗಾಗುತ್ತೆ. ನಿಮಿಷಕ್ಕೆ 1800 ಸುತ್ತು ಅಂದರೆ ಸೆಕೆಂಡಿಗೆ 30 ಸುತ್ತು, ಅಂದರೆ ಸೆಕೆಂಡಿಗೆ 60 ಸಣ್ಣ ಸ್ಫೋಟ. ಎದೆಗೆ ಬಡಿಯೋ ಆ "ಗುಂ" ಶಬ್ದ ಇದೇ.

ಇದನ್ನ ತಡೆಯೋಕೆ ಮುಖ್ಯವಾಗಿ ಎರಡು ದಾರಿ. ಒಂದು, ತೂತು ತೂತಿನ ಪೈಪಿನ ಸುತ್ತ ಗಾಜಿನ ನಾರು ತುಂಬೋದು. ಶಬ್ದ ಆ ನಾರಿನಲ್ಲಿ ಸಿಕ್ಕಿಕೊಂಡು ಶಾಖವಾಗಿ ಸತ್ತುಹೋಗುತ್ತೆ. ಚುರುಕಾದ, ಕಿವಿ ಸೀಳೋ ಶಬ್ದಕ್ಕೆ ಇದು ಒಳ್ಳೇ ಮದ್ದು.

ಎರಡು, ಡಬ್ಬದೊಳಗೆ ಕೋಣೆಗಳನ್ನ ಮಾಡೋದು. ಸಣ್ಣ ಪೈಪಿನಿಂದ ದೊಡ್ಡ ಕೋಣೆಗೆ ಬಂದ ಅಲೆಯಲ್ಲಿ ಒಂದು ಪಾಲು ವಾಪಸ್ ತಿರುಗುತ್ತೆ. ಹೋಗೋ ಅಲೆ, ಬರೋ ಅಲೆ ಒಂದಕ್ಕೊಂದು ಹೊಡೆದುಕೊಂಡು ಎರಡೂ ತಣ್ಣಗಾಗುತ್ತವೆ. ಖಾಲಿ ಬಾಟಲ್ ಬಾಯಿಗೆ ಊದಿದರೆ ಗುಂ ಅನ್ನುತ್ತಲ್ಲ, ಆ ಲೆಕ್ಕವನ್ನ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅನ್ನೋ ವಿಜ್ಞಾನಿ 19ನೇ ಶತಮಾನದಲ್ಲೇ ಹಾಕಿಟ್ಟಿದ್ದ. ಅವನು ಓದ್ತಾ ಇದ್ದದ್ದು ಸಂಗೀತದ ಸ್ವರಗಳನ್ನ. ಇವತ್ತು ಅದೇ ಲೆಕ್ಕ ನಮ್ಮ ಗಾಡಿಗಳ ಹೊಟ್ಟೆ ಕೆಳಗೆ ನೇತಾಡ್ತಿದೆ.

ತೊಡಕು ಒಂದೇ. 60 ಸಲದ ಆ "ಗುಂ" ಅಲೆಯ ಉದ್ದ ಬಿಸಿ ಹೊಗೆಯಲ್ಲಿ ಹತ್ತಿರ ಹತ್ತಿರ 8 ಮೀಟರ್. ನಮ್ಮ ಪಿಕಪ್ಪೇ ಅಷ್ಟು ಉದ್ದ ಇಲ್ಲ! ಅದಕ್ಕೇ ಮೋಟು ಸೈಲೆನ್ಸರ್ ಹಾಕಿದರೆ ಚುರುಕು ಶಬ್ದ ಹೋಗಿ, ತಲೆ ಹಿಡಿಯೋ ಗುಂಗು ಹಂಗೇ ಉಳಿಯೋದು.

ಪೋಸ್ಟ್ 3/8: ಇಂಡಿಯಾನಾದ ಅಣ್ಣ ತಮ್ಮ

ಈಗ ಕಥೆ. 1876ರಲ್ಲಿ ಜರ್ಮನಿಯ ನಿಕೋಲಸ್ ಒಟ್ಟೋ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿದ. 1886ರಲ್ಲಿ ಕಾರ್ಲ್ ಬೆಂಜ್ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡ. ಅಲ್ಲಿವರೆಗೆ ರಸ್ತೆ ಅಂದರೆ ಕುದುರೆ ಗೊರಸು, ಗಾಡಿ ಚಕ್ರ, ಗಂಟೆ ಶಬ್ದ. ಅದರ ಮಧ್ಯೆ ಸಿಡಿಯೋ ಎಂಜಿನ್ ಬಂದರೆ ಕುದುರೆಗಳ ಗತಿ ಏನು, ಯೋಚನೆ ಮಾಡಿ.

ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಅನ್ನೋ ಊರಲ್ಲಿ ಮಿಲ್ಟನ್ ರೀವ್ಸ್ ಅಂತ ಒಬ್ಬ ಇದ್ದ. ಮರ ಕೊಯ್ಯೋ ಮಿಲ್ಲಿನಲ್ಲಿ ಗರಗಸದ ವೇಗ ಹೆಚ್ಚು ಕಡಿಮೆ ಮಾಡೋಕೆ ಅವನು ಒಂದು ಉಪಾಯ ಕಂಡುಹಿಡಿದ. ಬೆಲ್ಟ್ ಕೂರೋ ಪುಲ್ಲಿಯ ಅಗಲವನ್ನೇ ಬದಲಾಯಿಸೋದು. ನಿಮ್ಮ ಮನೆ ಸ್ಕೂಟರಿನಲ್ಲಿ ಗೇರ್ ಹಾಕದೇ ವೇಗ ಹೋಗುತ್ತಲ್ಲ, ಅದರ ತತ್ವವೂ ಇದೇ.

1896ರಲ್ಲಿ ರೀವ್ಸ್ ಆ ಪುಲ್ಲಿ ಇಟ್ಟುಕೊಂಡೇ ಒಂದು ಮೋಟಾರು ಗಾಡಿ ಮಾಡಿದ. ಗಾಡಿ ಓಡ್ತು, ಆದರೆ ಗದ್ದಲ ತಡೆಯೋಕೆ ಆಗ್ತಿರಲಿಲ್ಲ. ಅವನೂ ಅವನ ಸಹೋದರ ಮಾರ್ಷಲ್ ರೀವ್ಸೂ ಸೇರಿ ಎಕ್ಸಾಸ್ಟಿಗೆ ಒಂದು ಶಬ್ದ ತಗ್ಗಿಸೋ ಡಬ್ಬ ಮಾಡಿದರು. 1897ರ ಮೇ 11ರಂದು ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ತು.

ಗಮನಿಸಿ. ಮೋಟಾರು ಗಾಡಿ ಇನ್ನೂ ಬೀದಿಗೆ ಸರಿಯಾಗಿ ಬಂದೇ ಇರಲಿಲ್ಲ, ಆಗಲೇ ಅದನ್ನ ಸುಮ್ಮನಿರಿಸೋ ಸಾಧನ ಬಂದಿತ್ತು. ಸೈಲೆನ್ಸರ್ ಅನ್ನೋದು ಸರ್ಕಾರದವರು ಆಮೇಲೆ ಕಾನೂನು ಮಾಡಿ ತಂದು ತಗುಲಿಸಿದ್ದು ಅಂತ ನಾನು ಅಂದ್ಕೊಂಡಿದ್ದೆ. ಅಲ್ಲ. ಗಾಡಿ ಮಾಡಿದೋರೇ ತಮಗೆ ಬೇಕು ಅಂತ ಮಾಡಿಕೊಂಡದ್ದು.

ಇದೇ ಮಿಲ್ಟನ್ ರೀವ್ಸ್ 1911ರಲ್ಲಿ ಎಂಟು ಚಕ್ರದ ಕಾರನ್ನೂ ಮಾಡಿದ. ಯಾರೂ ಕೊಳ್ಳಲಿಲ್ಲ. ಗೂಗಲ್ ಮಾಡಿ ಫೋಟೋ ನೋಡಿ, ನಗು ಬರುತ್ತೆ.

ಪೋಸ್ಟ್ 4/8: ಕಿವುಡಾದ ಅಪ್ಪ, ಸದ್ದಡಗಿಸಿದ ಮಗ

ಈ ಸರಣಿ ಬರೆಯೋಕೆ ಕಾರಣವಾದ ಪೋಸ್ಟ್ ಇದು.

ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ಅಮೆರಿಕದಲ್ಲಿ ಹುಟ್ಟಿ ಲಂಡನ್ನಿಗೆ ಹೋದವನು. 1884ರಲ್ಲಿ ಮ್ಯಾಕ್ಸಿಮ್ ಗನ್ ಮಾಡಿದ. ಒಂದು ಗುಂಡು ಹಾರಿದ ಒದೆತದಿಂದಲೇ ಮುಂದಿನ ಗುಂಡು ತುಂಬಿಕೊಳ್ಳೋ ಬಂದೂಕು ಅದು. ನಿಮಿಷಕ್ಕೆ ಸುಮಾರು 600 ಗುಂಡು. ಬ್ರಿಟಿಷರು ಅದನ್ನ ಹಿಡ್ಕೊಂಡು ಆಫ್ರಿಕಾದಲ್ಲಿ ಏನು ಮಾಡಿದರು ಅನ್ನೋದು ಬೇರೆ ಕಥೆ, ದುಃಖದ ಕಥೆ. ಅವನಿಗೆ ಸರ್ ಪದವಿಯೂ ಬಂತು. ಆದರೆ ವರ್ಷಗಟ್ಟಲೆ ಬಂದೂಕಿನ ಪಕ್ಕ ನಿಂತು ನಿಂತು ಅವನ ಕಿವಿ ಹೋಯ್ತು. ವಯಸ್ಸಾದಾಗ ಅವನು ಹೆಚ್ಚೂಕಮ್ಮಿ ಪೂರ್ತಿ ಕಿವುಡ.

ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್. 1869ರಲ್ಲಿ ಹುಟ್ಟಿದವನು, ಅಮೆರಿಕದಲ್ಲೇ ಬೆಳೆದ. ಮೊದಮೊದಲ ಮೋಟಾರು ಗಾಡಿಗಳನ್ನ ಮಾಡಿದವರಲ್ಲಿ ಒಬ್ಬ. 1909ರಲ್ಲಿ ಈ ಮಗ ಬಂದೂಕಿನ ಸದ್ದು ಅಡಗಿಸೋ ಸೈಲೆನ್ಸರಿಗೆ ಪೇಟೆಂಟ್ ತಗೊಂಡ. ಸ್ನಾನದ ತೊಟ್ಟಿಯ ನೀರು ಸುಳಿ ಸುತ್ತಿಕೊಂಡು ನಿಧಾನವಾಗಿ ಇಳಿಯೋದು ನೋಡಿ, ಗಾಳಿಯನ್ನೂ ಹಿಂಗೇ ಸುತ್ತಿಸಿ ಬಿಟ್ಟರೆ ಹೇಗೆ ಅಂತ ಹೊಳೀತು ಅಂತ ಹೇಳ್ತಾರೆ.

ಬಂದೂಕಿಗೂ ಎಂಜಿನ್ನಿಗೂ ಇಲ್ಲಿ ವ್ಯತ್ಯಾಸ ಕಮ್ಮಿ. ಎರಡರಲ್ಲೂ ಒಂದು ಕೊಳವೆ, ಒಳಗೆ ಸ್ಫೋಟ, ಬಾಯಿಂದ ಒಮ್ಮೆಲೇ ನುಗ್ಗೋ ಬಿಸಿ ಗಾಳಿ. ಆ ಗಾಳಿಯನ್ನ ಒಮ್ಮೆಲೇ ಬಿಡದೆ ನಿಧಾನಿಸಿ ಬಿಟ್ಟರೆ ಶಬ್ದ ಇಲ್ಲ. ಮುಂದೆ ಅವನ ಕಂಪನಿ ಬಂದೂಕಿನದ್ದು ಬಿಟ್ಟು ಎಂಜಿನ್ನುಗಳ ಸೈಲೆನ್ಸರ್ ಕೆಲಸಕ್ಕೇ ಹೊರಳಿತು.

ಅಪ್ಪನ ಕಿವಿಗೋಸ್ಕರ ಮಗ ಇದನ್ನ ಮಾಡಿದ ಅಂತ ನಾನು ಹೇಳ್ತಿಲ್ಲ. ಆ ಅಪ್ಪ ಮಗ ಒಂದೇ ಮನೇಲಿ ಚೆನ್ನಾಗಿ ಬಾಳಿದವರೂ ಅಲ್ಲ, ಅಪ್ಪ ಸಂಸಾರ ಬಿಟ್ಟು ಹೋಗಿದ್ದ. ಆದರೂ ಗದ್ದಲ ಮಾಡಿದ್ದು ಅಪ್ಪ, ಅಡಗಿಸಿದ್ದು ಮಗ ಅನ್ನೋದು ಓದಿದ ರಾತ್ರಿ ನನಗೆ ನಮ್ಮಪ್ಪನ ಫೋನ್ ಹೊಡ್ಕೊಳ್ಳೋದೇ ಕೇಳಿಸ್ತಿತ್ತು.

ಪೋಸ್ಟ್ 5/8: "ಸೈಲೆನ್ಸರ್ ತೆಗೆದರೆ ಪವರ್ ಜಾಸ್ತಿ ಗುರು"

ಈ ಡೈಲಾಗ್ ಕಾಲೇಜಿನ ಪಾರ್ಕಿಂಗಲ್ಲಿ ಹುಟ್ಟಿದ್ದಲ್ಲ. ನೂರು ವರ್ಷ ದಾಟಿದೆ.

1900ರ ನಂತರದ ಅಮೆರಿಕದ ಎಷ್ಟೋ ಕಾರುಗಳಲ್ಲಿ ಕಾಲ ಹತ್ತಿರ ಒಂದು ಪೆಡಲ್ ಇರ್ತಿತ್ತು. ಅದನ್ನ ಒತ್ತಿದರೆ ಹೊಗೆ ಸೈಲೆನ್ಸರಿಗೆ ಹೋಗದೇ ಮುಂಚೇನೇ ಹೊರಗೆ. ಹೆಸರು ಕಟ್‌ಔಟ್. ಗುಡ್ಡ ಹತ್ತುವಾಗ ಒತ್ತಬೇಕು, ಊರೊಳಗೆ ಬಿಡಬೇಕು ಅನ್ನೋದು ನಿಯಮ. ಜನ ಏನು ಮಾಡಿದರು? ಊರೊಳಗೇ ಒತ್ತಿದರು. ಕೊನೆಗೆ ಒಂದೊಂದೇ ನಗರ ಅದನ್ನ ನಿಷೇಧಿಸ್ತಾ ಬಂತು.

ಸತ್ಯ ಹೇಳಬೇಕು ಅಂದ್ರೆ ಆಗ ಆ ಮಾತಲ್ಲಿ ಸ್ವಲ್ಪ ನಿಜ ಇತ್ತು. ಅಂದಿನ ಡಬ್ಬಗಳು ಒರಟು, ಹೊಗೆ ಹೊರಗೆ ಹೋಗೋಕೆ ತಿಣುಕಬೇಕಿತ್ತು. ಇಂದಿನ ಎಂಜಿನ್ನಿಗೆ ಅದಕ್ಕೆ ಅಂತಲೇ ಅಳತೆ ಮಾಡಿದ ಸೈಲೆನ್ಸರ್ ಇರುತ್ತೆ. ಅದನ್ನ ಕಿತ್ತರೆ ಶಬ್ದ ಎಷ್ಟು ಹೆಚ್ಚುತ್ತೋ ಶಕ್ತಿ ಅಷ್ಟು ಹೆಚ್ಚಲ್ಲ. ಕಿವಿಗೆ ಜೋರಾಗಿ ಕೇಳಿದ್ದು ಮನಸ್ಸಿಗೆ ವೇಗವಾಗಿ ಕಾಣುತ್ತೆ, ಅಷ್ಟೇ.

1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿಗೆ ಫ್ಯಾಕ್ಟರಿಯಲ್ಲೇ ಹಿಂದೆ ತೊಟ್ಟಿ ಕೂರಿಸಿ ಪಿಕಪ್ ಮಾಡಿ ಮಾರಿತು. ರೈತರ ಗಾಡಿ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡುಗಳನ್ನ ಅಗ್ಗಕ್ಕೆ ತಗೊಂಡು, ಕತ್ತರಿಸಿ, ರೇಸ್ ಬಿಡೋಕೆ ಶುರು ಮಾಡಿದರು. ಕಾರಾದರೂ ಸರಿ, ಹಳೇ ಪಿಕಪ್ಪಾದರೂ ಸರಿ, ಕೋಣೆಗಳಿರೋ ಸೈಲೆನ್ಸರ್ ತೆಗೆದು ಗಾಜಿನ ನಾರಿನ ನೇರ ಪೈಪ್ ಹಾಕೋದು ಫ್ಯಾಷನ್ ಆಯ್ತು. 1968ರಲ್ಲಿ ಬಂದ ಕೆಂಪು ಬಣ್ಣದ ಚೆರ್ರಿ ಬಾಂಬ್ ಅನ್ನೋ ಪೈಪ್ ಅಂತೂ ಅಲ್ಲಿ ಮನೆಮಾತು. ಈಗ ಅದೇ ಕ್ಯಾಲಿಫೋರ್ನಿಯಾದಲ್ಲಿ ಕಾರು, ಸಣ್ಣ ಪಿಕಪ್ಪುಗಳ ಎಕ್ಸಾಸ್ಟಿಗೆ 95 ಡೆಸಿಬಲ್ ಮಿತಿ ಇದೆ.

ನಮ್ಮಲ್ಲೂ ಈ ಪ್ರೀತಿ ಇಲ್ದೇ ಇಲ್ಲ. 1961ರಿಂದ 1996ರವರೆಗೆ ಮೈಸೂರಿನಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾಗ್ತಿದ್ದವು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಆ ಶಬ್ದ ಕೇಳಿದರೆ ನಮ್ಮ ದೊಡ್ಡಪ್ಪ ಈಗಲೂ ರಸ್ತೇಲಿ ನಿಂತುಬಿಡ್ತಾರೆ. ಆದರೆ ಒಂದು ವಿಷಯ. ಆ ಶಬ್ದ ಆ ಎರಡು ಸೈಲೆನ್ಸರ್ ಸೇರಿ ಮಾಡಿದ್ದು. ಸೈಲೆನ್ಸರ್ ಕಿತ್ತು ಮಾಡಿದ್ದಲ್ಲ.

ಪೋಸ್ಟ್ 6/8: ಗಾಡಿ ಕೆಳಗೆ ಮಲಗಿದ ಭಾನುವಾರ

ಅಪ್ಪನ ವಾದ ಇದಾಗಿತ್ತು. "ಶಬ್ದ ಇದ್ರೆ ಲೋಡಿಗೆ ಚೆನ್ನಾಗಿ ಎಳೆಯುತ್ತೆ ಕಣೋ." 5ನೇ ಪೋಸ್ಟನ್ನ ಓದಿ ಹೇಳಿದೆ. "ನಿನ್ನ ಫೋರ್ಡು ಟೊಮ್ಯಾಟೊ ಹೊತ್ತಿತ್ತಾ?" ಅಂದ್ರು. ಉತ್ತರ ಇರಲಿಲ್ಲ. ಕೊನೆಗೆ ಒಪ್ಪಿದ್ದು ಅಜ್ಜಿ ಹೆಸರು ಹೇಳಿದ್ದಕ್ಕೆ.

ನಮ್ಮ ಮೆಕ್ಯಾನಿಕ್ ಅಣ್ಣ ಮೊದಲು ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿದ್ರು. ಹಳೇ ಬಟ್ಟೆ ಮಡಚಿ ಬಾಲದ ಪೈಪಿಗೆ ಎರಡು ಸೆಕೆಂಡ್ ಒತ್ತಿ, "ಕಿವಿ ಕೊಟ್ಟು ಕೇಳು" ಅಂದ್ರು. ಸೋರೋ ಕಡೆಯೆಲ್ಲ ಬುಸ್ ಅಂತು. ಮೂರು ಕಡೆ ಸಿಕ್ತು.

ಒಂದು: ಎಂಜಿನ್ನಿಗೂ ಪೈಪಿಗೂ ಮಧ್ಯೆ ಇರೋ ಪ್ಯಾಕಿಂಗ್ ಸುಟ್ಟುಹೋಗಿತ್ತು. ಬೆಳಗ್ಗೆ ಟಿಕ್ ಟಿಕ್ ಅಂತ ಬಂದು, ಗಾಡಿ ಬಿಸಿ ಆದ ಮೇಲೆ ಕಮ್ಮಿ ಆಗ್ತಿದ್ದ ಶಬ್ದ ಇದು. ಕಬ್ಬಿಣ ಬಿಸಿಯಾಗಿ ಹಿಗ್ಗಿದಾಗ ಸಂದು ತಾನೇ ಮುಚ್ಚಿಕೊಳ್ತಿತ್ತು.

ಎರಡು: ಪೈಪನ್ನ ತೂಗುಹಾಕೋ ರಬ್ಬರ್ ಹರಿದು, ಪೈಪು ಚಾಸಿಗೆ ಬಡೀತಿತ್ತು. ಗದ್ದಲದಲ್ಲಿ ಅರ್ಧ ಇದೇ ಇರಬೇಕು!

ಮೂರು: ಫೋಟೋದ ಆ ತೂತು. ಇದು ಹೊರಗಿನ ಮಳೆಯಿಂದ ಮಾತ್ರ ಆಗೋದಲ್ಲ. ಇಂಧನ ಉರಿದಾಗ ನೀರಿನ ಆವಿಯೂ ಹುಟ್ಟುತ್ತೆ. ತಣ್ಣಗಿರೋ ಡಬ್ಬದಲ್ಲಿ ಅದು ಹನಿ ಆಗಿ ನಿಲ್ಲುತ್ತೆ. ದೂರ ಓಡಿದರೆ ಬಿಸಿಗೆ ಆರುತ್ತೆ, ತೋಟದಿಂದ ಮಂಡಿಗೆ ಅಂತ ಹತ್ತಿರ ಹತ್ತಿರ ಓಡಾಡೋ ಗಾಡೀಲಿ ಒಳಗೇ ಉಳಿದು ಕಬ್ಬಿಣ ತಿನ್ನುತ್ತೆ. ಒಳಗಿಂದಲೇ ತುಕ್ಕು. ಹೊರಗೆ ಕಾಣೋ ಹೊತ್ತಿಗೆ ಕಥೆ ಮುಗಿದಿರುತ್ತೆ.

ಡಬ್ಬ ಕತ್ತರಿಸಿ ನೋಡಿದರೆ ಒಳಗೆ ಕೋಣೆಗಳೇ ಇಲ್ಲ! ನಾವು ಈ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದೆ ಇಟ್ಟುಕೊಂಡಿದ್ದ ಯಾರೋ "ಪವರ್"ಗೋಸ್ಕರ ಒಳಗಿನ ತಗಡೆಲ್ಲ ಕಿತ್ತಿಸಿ ಮತ್ತೆ ಬೆಸುಗೆ ಹಾಕಿಸಿದ್ದರು. ಅಪ್ಪ ಆ ಖಾಲಿ ಡಬ್ಬ ನೋಡ್ತಾ ತುಂಬ ಹೊತ್ತು ಸುಮ್ಮನೆ ಕೂತಿದ್ರು. ಇಷ್ಟು ವರ್ಷ ಓಡಿಸಿದ್ದು ಸೈಲೆನ್ಸರ್ ಇಲ್ಲದ ಗಾಡಿ.

ಇನ್ನೊಂದು ಮಾತು, ಸೀರಿಯಸ್ಸಾಗಿ ತಗೊಳ್ಳಿ. ಎಕ್ಸಾಸ್ಟ್ ಸೋರಿಕೆ ಅಂದರೆ ಬರೀ ಶಬ್ದ ಅಲ್ಲ. ಮುಂದಿನ ಭಾಗದಲ್ಲಿ ಸೋರಿದರೆ ಹೊಗೆ ಕ್ಯಾಬಿನ್ನಿಗೆ ಬರುತ್ತೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಗಾಡೀಲಿ ಇದು ಇನ್ನೂ ಜಾಸ್ತಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಆನ್ ಮಾಡಿ ಇಡಬೇಡಿ. ಗಾಡೀಲಿ ಕೂತಾಗ ತಲೆನೋವು, ಮಂಪರು ಬಂದರೆ ಕಿಟಕಿ ತೆಗೆದು ಕೆಳಗಿಳೀರಿ, ಆಮೇಲೆ ಮೆಕ್ಯಾನಿಕ್ ಹತ್ರ ಹೋಗಿ.

ಪ್ಯಾಕಿಂಗ್, ರಬ್ಬರ್, ಈ ಮಾಡೆಲ್ಲಿಗೇ ಅಂತ ಬರೋ ಹೊಸ ಡಬ್ಬ, ಕೂಲಿ. ಎಲ್ಲ ಸೇರಿ ರೇಟ್ ಚೆನ್ನಾಗಿರೋ ದಿನದ ಹತ್ತು ಹನ್ನೆರಡು ಬಾಕ್ಸ್ ಟೊಮ್ಯಾಟೊ ದುಡ್ಡು.

ಪೋಸ್ಟ್ 7/8: ಬಿಕಾಂ ಹುಡುಗನ ಲೆಕ್ಕ

ಬಂತು, ನಿಮ್ಮ ಪ್ರಶ್ನೆಗೆ ಉತ್ತರ.

ಎಕನಾಮಿಕ್ಸ್ ಪೇಪರಲ್ಲಿ ನಾವೆಲ್ಲ ಬಾಯಿಪಾಠ ಹೊಡೆದು ಮರೆತ ಒಂದು ಪಾಠ ಇದೆ. ನಾನು ಮಾಡೋ ಕೆಲಸದ ಖರ್ಚನ್ನ ಆ ವ್ಯವಹಾರಕ್ಕೆ ಸಂಬಂಧವೇ ಇಲ್ಲದವನು ಕಟ್ಟೋದು. ಎಕ್ಸ್‌ಟರ್ನಾಲಿಟಿ. 1920ರಲ್ಲಿ ಪಿಗೂ ಅನ್ನೋ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ತನ್ನ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ರೈಲು ಎಂಜಿನ್ನಿನ ಕಿಡಿ. ರೈಲು ಓಡುತ್ತೆ, ಲಾಭ ರೈಲ್ವೆಯವರಿಗೆ. ಕಿಡಿ ಹಾರಿ ಪಕ್ಕದ ಕಾಡು ಸುಟ್ಟರೆ ನಷ್ಟ ಕಾಡಿನವರಿಗೆ.

ನಮ್ಮ ಬೀದಿ ಲೆಕ್ಕ ಹಾಕಿ. ಬಾಡಿಗೆ ದುಡ್ಡು ನಮಗೆ. ನಿದ್ದೆ ಖರ್ಚು ಅಜ್ಜಿಗೆ. ನಮ್ಮ ಖಾತೆ ಪುಸ್ತಕದಲ್ಲಿ ಆ ನಿದ್ದೆಗೆ ಕಾಲಮ್ಮೇ ಇಲ್ಲ.

ಆ ಕಾಲಮ್ ಹಾಕೋದು ಕಾನೂನಿನ ಕೆಲಸ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೇ ನಿಯಮ, ಟ್ರ್ಯಾಕ್ಟರ್ ಸೇರಿ ಪ್ರತಿ ಮೋಟಾರು ವಾಹನಕ್ಕೂ ಸೈಲೆನ್ಸರ್ ಇರಲೇಬೇಕು ಅನ್ನುತ್ತೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನ ವಾಸಿಸೋ ಜಾಗದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಅಂದರೆ ಅಪ್ಪ ಹೊರಡೋ 4 ಗಂಟೆಯೂ ರಾತ್ರಿಯೇ. ಶಬ್ದದ ನಿಯಮ ಮೀರಿ ಗಾಡಿ ಓಡಿಸಿದರೆ 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೊತೆಗೆ 3 ತಿಂಗಳು ಲೈಸೆನ್ಸ್ ಇಲ್ಲ. ಪೊಲೀಸರು ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸೋ ರೀಲ್ಸ್ ನೋಡಿ ನಾವೆಲ್ಲ ನಕ್ಕಿದೀವಿ. ನಮ್ಮ ಡಬ್ಬವೂ ಆ ಸಾಲಲ್ಲಿ ಮಲಗಬೇಕಾದದ್ದೇ.

ಇನ್ನು ಕಿವಿ ಲೆಕ್ಕ. ಡೆಸಿಬಲ್ ನಮ್ಮ ಮಾಮೂಲಿ ಕೂಡೋ ಲೆಕ್ಕ ಅಲ್ಲ. 10 ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು. ದಿನಕ್ಕೆ 8 ಗಂಟೆ ಕೇಳಬಹುದಾದ ಮಿತಿ 85 ಡೆಸಿಬಲ್ ಅಂತ ಅಮೆರಿಕದ ಉದ್ಯೋಗ ಸುರಕ್ಷತೆ ಸಂಸ್ಥೆ ಹೇಳುತ್ತೆ. 3 ಹೆಚ್ಚಾದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ. ಮೊದಲು ಹೋಗೋದು ಚುರುಕು ಶಬ್ದ ಕೇಳೋ ಶಕ್ತಿ. ಫೋನ್ ರಿಂಗ್, ಹಕ್ಕಿ ಕೂಗು, ಮಕ್ಕಳ ದನಿ.

ಕಾಸ್ಟಿಂಗ್ ಕ್ಲಾಸಲ್ಲಿ ಮೆಷೀನಿನ ಸವಕಳಿ ಲೆಕ್ಕ ಹಾಕ್ತೀವಿ. ಗಾಡಿಯ ಸವಕಳಿ ಬರೀತೀವಿ. ಅದನ್ನ ಓಡಿಸಿದ ಅಪ್ಪನ ಕಿವಿಯ ಸವಕಳಿ ಯಾವ ಪುಸ್ತಕದಲ್ಲಿ ಬರೀಬೇಕು? ಗಾಡಿಯನ್ನಾದರೆ ಮಾರಿ ಹೊಸದು ತರಬಹುದು.

ಪೋಸ್ಟ್ 8/8: "ಇವತ್ತು ಹೋಗಲಿಲ್ವಾ?"

ಕೊನೇ ಪೋಸ್ಟ್, ಚಿಕ್ಕದು.

ಇತಿಹಾಸ ಒಂದು ಸುತ್ತು ಹಾಕಿದೆ. ಎಲೆಕ್ಟ್ರಿಕ್ ಗಾಡಿಗಳಿಗೆ ಶಬ್ದವೇ ಇಲ್ಲ. ಕಣ್ಣು ಕಾಣದೋರಿಗೆ, ಮಕ್ಕಳಿಗೆ ಅದು ಅಪಾಯ. ಹಾಗಾಗಿ ಯುರೋಪಿನಲ್ಲಿ 2019ರಿಂದ ಹೊಸ ಮಾದರಿಗಳಿಗೆ, 2021ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳಿಗೆ ನಿಧಾನ ವೇಗದಲ್ಲಿ ಬೇಕಂತಲೇ ಸಣ್ಣ ಶಬ್ದ ಮಾಡೋ ಸಾಧನ ಕಡ್ಡಾಯ. ರೀವ್ಸ್ ಅಣ್ಣ ತಮ್ಮ ಕೇಳಿದ್ದರೆ ತಲೆ ಚಚ್ಚಿಕೊಳ್ತಿದ್ದರು. ಆದರೆ ಎರಡರ ಹಿಂದೆ ಇರೋ ಯೋಚನೆ ಒಂದೇ. ಗಾಡಿ ಒಳಗೆ ಕೂತೋನಿಗಲ್ಲ, ರಸ್ತೇಲಿ ಇರೋ ಇನ್ನೊಬ್ಬನಿಗೆ ಎಷ್ಟು ಕೇಳಿಸಬೇಕು ಅನ್ನೋದು.

ಹೊಸ ಸೈಲೆನ್ಸರ್ ಹಾಕಿಸಿದ ಮೊದಲ ದಿನ ನಾನೂ ಅಪ್ಪನ ಜೊತೆ ಮಂಡಿಗೆ ಹೋದೆ. ಲೋಡ್ ಮುಂಚಿನ ಹಾಗೇ ಎಳೀತು. ಅಪ್ಪ ಅದನ್ನ ಬಾಯಿಬಿಟ್ಟು ಒಪ್ಪಲಿಲ್ಲ, "ಪರವಾಗಿಲ್ಲ" ಅಂದ್ರು. ನಮ್ಮನೇಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ದಾರೀಲಿ ಕೂಗದೇ ಮಾತಾಡಿಕೊಂಡು ಹೋದ್ವಿ. ನನಗೆ ನೆನಪಿರೋ ಹಾಗೆ ಆ ಗಾಡೀಲಿ ಹಂಗೆ ಮಾತಾಡಿದ್ದು ಅದೇ ಮೊದಲು. ಹೋದ ಕಿವಿ ವಾಪಸ್ ಬರಲ್ಲ ಅಂತ ಡಾಕ್ಟರ್ ಹೇಳಿದಾರೆ. ಉಳಿದದ್ದನ್ನ ಉಳಿಸಿಕೊಳ್ಳಬಹುದು ಅಂತಾನೂ ಹೇಳಿದಾರೆ. ಎಡಗಡೆ ಕೂತು ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ, ಅಷ್ಟೇ.

ಮನೆಗೆ ಬಂದಾಗ ಎದುರು ಮನೆ ಅಜ್ಜಿ ಜಗಲಿ ಮೇಲೆ ಕೂತು ಅಮ್ಮನ್ನ ಕೇಳ್ತಿದ್ರು, "ಯಾಕಮ್ಮ, ಇವತ್ತು ನಿಮ್ಮ ಗಾಡಿ ಹೋಗಲಿಲ್ವಾ? ಹುಷಾರಿಲ್ವಾ ಅವರಿಗೆ?"

ಅಮ್ಮ ನಕ್ಕರು. ಅಪ್ಪನಿಗೆ ಕೇಳಿಸಲಿಲ್ಲ. ನಾನು ಹತ್ತಿರ ಹೋಗಿ ಹೇಳಿದೆ.

ನಿಮ್ಮ ಮನೇಲಿ, ಬೀದೀಲಿ ಇಂಥ ಗಾಡಿ ಇದ್ರೆ ಒಂದು ಭಾನುವಾರ ಅದರ ಕೆಳಗೆ ಮಲಗಿ ನೋಡಿ. ಬೈಕಿನ ಸೈಲೆನ್ಸರ್ ಕಿತ್ತಿಟ್ಟಿರೋ ನನ್ನ ಕ್ಲಾಸಿನ ಇಬ್ಬರಿಗೆ ಮಾತ್ರ ಈ ಸರಣಿ ಪರ್ಸನಲ್ಲಾಗಿ ಟ್ಯಾಗ್ ಮಾಡ್ತೀನಿ. ನೀವ್ಯಾರು ಅಂತ ನಿಮಗೇ ಗೊತ್ತು. ಬೇಜಾರಾಗಬೇಡ್ರೋ.

ಮುಂದಿನ ತಿಂಗಳ ವಸ್ತು: ಬೀಗದ ಕೈ. ಸೇವ್ ಮಾಡ್ಕೊಳ್ಳಿ, ಮನೇಲಿ ಡ್ರೈವರ್ ಇರೋ ಫ್ರೆಂಡ್‌ಗೆ ಕಳಿಸಿ.

#ವಸ್ತುವಿನಕಥೆ #ಸೈಲೆನ್ಸರ್ #ಕೋಲಾರ #ಹಳೇಪಿಕಪ್ #ಕನ್ನಡದಲ್ಲಿಇತಿಹಾಸ